ರೂಟ್ ಇಲ್ಲದೆ ಹಾಕಿಕೊಂಡ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಎಲ್ಲಿಡಬೇಕು?

ಪ್ರಶ್ನೆ: ಎರಡು ವರ್ಷದಿಂದ ಆಫೀಸಿನಲ್ಲಿ ಉಬುಂಟು ಲಿನಕ್ಸ್ ಬಳಸುತ್ತಿದ್ದೇನೆ. ರೂಟ್ (ಅಡ್ಮಿನ್) ಪಾಸ್‌ವರ್ಡ್ ನನ್ನ ಹತ್ತಿರ ಇಲ್ಲ. ಬೇಕಾದ ಪ್ರೋಗ್ರಾಂಗಳನ್ನು ಸಿಕ್ಕಸಿಕ್ಕ ಕಡೆ ಇಳಿಸಿಕೊಂಡಿದ್ದೇನೆ. ಒಂದು ಎಡಿಟರ್ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಕೂತಿದೆ. ಎರಡು ಆ್ಯಪ್‌ಇಮೇಜ್ (ಇಡೀ ಪ್ರೋಗ್ರಾಂ ಒಂದೇ ಫೈಲಿನಲ್ಲಿರುವಂಥದ್ದು) ಡೆಸ್ಕ್‌ಟಾಪ್ ಮೇಲಿವೆ. ಪೈಥಾನ್ ಟೂಲ್‌ಗಳು ಒಂದು ಕಡೆ, ರಸ್ಟ್ ಟೂಲ್‌ಗಳು ಇನ್ನೊಂದು ಕಡೆ. ಹೋಮ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಫೋಲ್ಡರ್‌ಗಳನ್ನು ಎಣಿಸಿದೆ, 47 ಇವೆ. ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಅಂತ ಒಂದು ಜಾಗ ಇದೆಯಲ್ಲ, ಇಲ್ಲಿ ಯಾಕಿಲ್ಲ? ನಾನು ಎಲ್ಲಿ ಏನು ಇಡಲಿ?

ಉತ್ತರ: ಜಾಗ ಇದೆ. ನಿಮ್ಮ ಹೋಮ್ ಒಳಗೇ ಇದೆ. ಅದರ ಹೆಸರು ~/.ಲೋಕಲ್. ಆ 47ರಲ್ಲಿ ಅದೂ ಒಂದು ಆಗಿರುತ್ತದೆ, ನೋಡಿ. (ಫೋಲ್ಡರ್ ಹೆಸರು, ಕಮಾಂಡ್ ಎಲ್ಲವನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ~ ಅಂದರೆ ನಿಮ್ಮ ಹೋಮ್.)

ಮೊದಲು ಪ್ರೋಗ್ರಾಂ ಫೈಲ್ಸ್ ವಿಷಯ ಮುಗಿಸಿಬಿಡೋಣ. ಅದು ಬಳಕೆದಾರನ ಜಾಗ ಅಲ್ಲ, ಅಡ್ಮಿನ್ ಜಾಗ. ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಹಾಕಿಕೊಂಡದ್ದು ವಿಂಡೋಸ್‌ನಲ್ಲೂ ನಿಮ್ಮ ಹೆಸರಿನ ಫೋಲ್ಡರ್ ಒಳಗಿನ ಆ್ಯಪ್‌ಡೇಟಾ ಅನ್ನುವ ಅಡಗಿದ ಮೂಲೆಗೇ ಹೋಗುತ್ತದೆ. ಹಾಗಾಗಿ ಆ ಕಡೆಯ ಮನೆಯೂ ನೀವು ಅಂದುಕೊಂಡಷ್ಟು ಓರಣವಾಗಿಲ್ಲ.

ಲಿನಕ್ಸ್‌ನಲ್ಲಿ ಯಾವ ಜಾಗಕ್ಕೆ ಯಾರು ಯಜಮಾನ ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. /ಯುಎಸ್‌ಆರ್‌ಗೆ ಡಿಸ್ಟ್ರೋದ (ಉಬುಂಟು ಥರದ ಲಿನಕ್ಸ್ ತಳಿಯ) ಪ್ಯಾಕೇಜ್ ಮ್ಯಾನೇಜರ್, ಅಂದರೆ ಪ್ರೋಗ್ರಾಂ ಹಾಕಿ ತೆಗೆಯುವ ಅದರ ಟೂಲ್, ಯಜಮಾನ. /ಯುಎಸ್‌ಆರ್/ಲೋಕಲ್‌ಗೆ ಆ ಮಷಿನ್ ನೋಡಿಕೊಳ್ಳುವ ಅಡ್ಮಿನ್ ಯಜಮಾನ. ಹೊರಗಿನಿಂದ ಇಡಿಯಾಗಿ ಬರುವ ದೊಡ್ಡ ಪ್ರೋಗ್ರಾಂಗಳಿಗೆ /ಆಪ್ಟ್. ಇದೆಲ್ಲ ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್, ಅಂದರೆ ಎಫ್‌ಎಚ್‌ಎಸ್, ಹಾಕಿಕೊಟ್ಟ ಏರ್ಪಾಡು. 1994ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ 2015ರಲ್ಲಿ 3.0 ಆಯಿತು. ಆದರೆ ಅದು ಹೋಮ್‌ನ ಬಾಗಿಲಲ್ಲೇ ನಿಂತುಬಿಟ್ಟಿತು. ಹೋಮ್ ಒಳಗೆ ಸೆಟ್ಟಿಂಗ್ಸ್ ಫೈಲ್‌ಗಳು ಚುಕ್ಕೆಯಿಂದ ಶುರುವಾಗಲಿ, ಒಂದಕ್ಕಿಂತ ಜಾಸ್ತಿ ಇದ್ದರೆ ಚುಕ್ಕೆಯ ಫೋಲ್ಡರ್ ಮಾಡಿಕೊಳ್ಳಿ, ಅಂತ ಹೇಳಿ ಕೈ ತೊಳೆದುಕೊಂಡಿತು. ನಿಮ್ಮ 47ಕ್ಕೆ ಒಂದು ಕಾರಣ ಅಲ್ಲೇ ಇದೆ.

ಇನ್ನೊಂದು ಕಾರಣ ಇದಕ್ಕಿಂತ ಹಳೆಯದು, ಕೇಳಿದರೆ ನಗು ಬರುತ್ತದೆ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಟ್ಟಿದವರ ಜೊತೆ ಕೆಲಸ ಮಾಡಿದ ರಾಬ್ ಪೈಕ್ 2012ರಲ್ಲಿ ಇದನ್ನು ಬರೆದಿದ್ದರು. ಶುರುವಿನ ದಿನಗಳಲ್ಲಿ ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕೆ, ಎರಡು ಚುಕ್ಕೆ ಅನ್ನುವ ಎರಡು ಹೆಸರು ಬಂದವು. ಒಂದು ಚುಕ್ಕೆ ಅಂದರೆ ಇದೇ ಫೋಲ್ಡರ್, ಎರಡು ಚುಕ್ಕೆ ಅಂದರೆ ಮೇಲಿನದು. ಫೋಲ್ಡರಿನ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಹೊಡೆದಾಗ ಇವೆರಡೂ ಪ್ರತಿ ಸಲ ಕಾಣುವುದು ಬೇಡ ಅಂತ ಯಾರೋ ಒಂದು ಸಾಲು ಸೇರಿಸಿದರು: ಮೊದಲ ಅಕ್ಷರ ಚುಕ್ಕೆಯಾಗಿದ್ದರೆ ತೋರಿಸಬೇಡ. ಪೂರ್ತಿ ಹೆಸರನ್ನು ನೋಡಬೇಕಿತ್ತು, ಮೊದಲ ಅಕ್ಷರ ಮಾತ್ರ ನೋಡಿದರು. ಆ ಸೋಮಾರಿತನದಿಂದ ಚುಕ್ಕೆಯಿಂದ ಶುರುವಾಗುವ ಹೆಸರುಗಳೆಲ್ಲ ಅಡಗಿಹೋದವು. ಅಡಗಿರುವ ಜಾಗ ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ? ಪ್ರತಿ ಪ್ರೋಗ್ರಾಂ ಬರೆದವರೂ ನಿಮ್ಮ ಹೋಮ್‌ನಲ್ಲಿ ತಮ್ಮದೊಂದು ಗಂಟು ಇಟ್ಟು ಹೋದರು.

ಇದನ್ನು ಸರಿ ಮಾಡಲು ಹೊರಟದ್ದು ಫ್ರೀಡೆಸ್ಕ್‌ಟಾಪ್ ಅನ್ನುವ ಯೋಜನೆ. ಹ್ಯಾವೊಕ್ ಪೆನ್ನಿಂಗ್ಟನ್ 2000ದಲ್ಲಿ ಶುರು ಮಾಡಿದ್ದು, ಗ್ನೋಮ್, ಕೆಡಿಇ ಅನ್ನುವ ಎರಡು ಲಿನಕ್ಸ್ ಡೆಸ್ಕ್‌ಟಾಪ್‌ಗಳ ತಂಡದವರು ಒಟ್ಟಿಗೆ ಕೂತು ಮಾತಾಡಲಿ ಅಂತ. ಅದರ ಹಳೆಯ ಹೆಸರು ಎಕ್ಸ್ ಡೆಸ್ಕ್‌ಟಾಪ್ ಗ್ರೂಪ್, ಅದಕ್ಕೇ ಇವತ್ತಿಗೂ ಎಲ್ಲದರ ಮುಂದೆ ಎಕ್ಸ್‌ಡಿಜಿ ಅಂತ ಇರುತ್ತದೆ. ಕೆಡಿಇಯ ವಾಲ್ಡೋ ಬಾಸ್ಟಿಯನ್ 2003ರ ಸುಮಾರಿಗೆ ಬೇಸ್ ಡೈರೆಕ್ಟರಿ ನಿಯಮದ ಕರಡು ಬರೆದರು. ಮುಖ್ಯ ವಿಚಾರ ಸರಳ: ಪ್ರೋಗ್ರಾಂ ಹೆಸರಿಗೊಂದು ಫೋಲ್ಡರ್ ಬೇಡ, ಫೈಲಿನ ಕೆಲಸಕ್ಕೊಂದು ಫೋಲ್ಡರ್ ಇರಲಿ.

ಸೆಟ್ಟಿಂಗ್ಸ್ ~/.ಕಾನ್ಫಿಗ್‌ಗೆ. ಪ್ರೋಗ್ರಾಂ ಕೂಡಿಹಾಕುವ, ಕಳೆದುಕೊಳ್ಳಬಾರದ ಡೇಟಾ ~/.ಲೋಕಲ್/ಶೇರ್‌ಗೆ. ಅಳಿಸಿದರೂ ತಾನಾಗಿ ಮತ್ತೆ ಹುಟ್ಟುವಂಥದ್ದು ~/.ಕ್ಯಾಶ್‌ಗೆ. ಲಾಗಿನ್ ಇರುವಷ್ಟು ಹೊತ್ತು ಮಾತ್ರ ಬೇಕಾದದ್ದಕ್ಕೆ ಹೋಮ್‌ನ ಹೊರಗೆ ಬೇರೆ ಜಾಗ. ಸಾಮಾನ್ಯವಾಗಿ ಅದು /ರನ್/ಯೂಸರ್/1000 ಥರ ಇರುತ್ತದೆ, ನೀವು ಪೂರ್ತಿ ಲಾಗ್‌ಔಟ್ ಆದಾಗ ಅಳಿದುಹೋಗುತ್ತದೆ. 2021ರ ಮೇ ತಿಂಗಳಲ್ಲಿ ಬಂದ 0.8ನೇ ಆವೃತ್ತಿ ~/.ಲೋಕಲ್/ಸ್ಟೇಟ್ ಅನ್ನೂ ಸೇರಿಸಿತು. ಲಾಗ್, ಹಿಸ್ಟರಿ, ಕೊನೆಗೆ ತೆರೆದಿದ್ದ ಫೈಲ್‌ಗಳ ಪಟ್ಟಿ, ಇಂಥವು ಅಲ್ಲಿಗೆ. ಕಳೆದರೆ ಬೇಜಾರು, ಆದರೆ ಹೊಸ ಮಷಿನ್‌ಗೆ ಹೊತ್ತೊಯ್ಯುವಷ್ಟು ಮುಖ್ಯ ಅಲ್ಲ.

ಈ ವಿಂಗಡಣೆ ಸುಮ್ನೆ ಅಂದಕ್ಕೆ ಅಲ್ಲ. ನಿಮ್ಮ ಆಫೀಸಿನಲ್ಲಿ ಹೋಮ್‌ಗೆ ಇಂತಿಷ್ಟೇ ಜಾಗ ಅಂತ ಮಿತಿ ಇದ್ದರೆ ಇದರ ಬೆಲೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಜಾಗ ತುಂಬಿತು ಅಂತ ಮೆಸೇಜ್ ಬಂದಾಗ ~/.ಕ್ಯಾಶ್ ಅನ್ನು ಕಣ್ಣುಮುಚ್ಚಿ ಖಾಲಿ ಮಾಡಬಹುದು. ಬ್ಯಾಕಪ್‌ನಿಂದ ಅದನ್ನು ಹೊರಗಿಡಬಹುದು. ಅದೇ ~/.ಯಾವುದೋಆ್ಯಪ್ ಅನ್ನುವ ಒಂದೇ ಗಂಟಿನಲ್ಲಿ ಪಾಸ್‌ವರ್ಡು, ಥಂಬ್‌ನೇಲು, ಲಾಗು ಎಲ್ಲ ಕಲಸಿಕೊಂಡಿದ್ದರೆ? ಮುಟ್ಟಲು ಧೈರ್ಯ ಬರುವುದಿಲ್ಲ.

ಸೆಟ್ಟಿಂಗ್ಸ್ ವಿಷಯದಲ್ಲಿ ಈ ನಿಯಮ ನಿಧಾನವಾಗಿ ಗೆದ್ದಿದೆ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ 2012ರಿಂದ ~/.ಕಾನ್ಫಿಗ್ ಒಳಗೂ ನೋಡುತ್ತದೆ. ಎಡಿಟರ್‌ಗಳಲ್ಲಿ ಈಮ್ಯಾಕ್ಸ್ 2020ರಲ್ಲಿ ಈ ದಾರಿಗೆ ಬಂತು, ವಿಮ್ 2024ರಲ್ಲಿ. ಫೈರ್‌ಫಾಕ್ಸ್‌ಗೆ ಈ ಕೋರಿಕೆ ಹೋದದ್ದು 2004ರಲ್ಲಿ, ಈಡೇರುವಷ್ಟರಲ್ಲಿ ಎರಡು ದಶಕ ಕಳೆದಿತ್ತು. ಉಬುಂಟುವಿನಲ್ಲಿ ನಿಮಗೆ ಕಾಣುವ ~/ಸ್ನ್ಯಾಪ್ ಫೋಲ್ಡರಿಗಂತೂ (ಸ್ನ್ಯಾಪ್ ಅಂದರೆ ಉಬುಂಟುವಿನದೇ ಪ್ಯಾಕೇಜ್ ವ್ಯವಸ್ಥೆ) ಚುಕ್ಕೆಯೂ ಇಲ್ಲ. ಅದನ್ನು ಕಣ್ಣಿಂದ ಮರೆ ಮಾಡಿ ಅಂತ 2016ರಿಂದ ಜನ ಕೇಳುತ್ತಲೇ ಬಂದಿದ್ದಾರೆ. ಇದೆಲ್ಲ ಯಾಕೆ ಇಷ್ಟು ತಡ ಅಂದರೆ, ನಿಯಮ ಮುರಿದವರಿಗೆ ಯಾವ ನಷ್ಟವೂ ಇಲ್ಲ. ಪಾಲಿಸಲು ಹೋದವರಿಗೆ ಹಳೆಯ ಬಳಕೆದಾರರ ಫೈಲ್‌ಗಳನ್ನು ಸಾಗಿಸುವ ತಲೆನೋವು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ, ಪ್ರೋಗ್ರಾಂಗಳಿಗೆ ಬರೋಣ. ಇಲ್ಲಿ ನಿಯಮ ತುಂಬ ಮೆತ್ತಗೆ ಮಾತಾಡುತ್ತದೆ. ಬಳಕೆದಾರನ ಪ್ರೋಗ್ರಾಂಗಳನ್ನು ~/.ಲೋಕಲ್/ಬಿನ್‌ನಲ್ಲಿ ಇಡಬಹುದು ಅನ್ನುತ್ತದೆ, ಇಡಲೇಬೇಕು ಅನ್ನುವುದಿಲ್ಲ. ಡಿಸ್ಟ್ರೋಗಳು ಅದನ್ನು ಪಾಥ್‌ನಲ್ಲಿ, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಸೇರಿಸಬೇಕು ಅಂತಲೂ ಹೇಳುತ್ತದೆ. ಬೇರೆ ಬೇರೆ ಪ್ರೊಸೆಸರ್ ಇರುವ ಮಷಿನ್‌ಗಳು ಒಂದೇ ಹೋಮ್ ಹಂಚಿಕೊಂಡಿದ್ದರೆ ತೊಂದರೆ ಆದೀತು ಅಂತ ಎಚ್ಚರಿಸುತ್ತದೆ. ಬೇರೆ ಮುಖ್ಯ ಜಾಗಗಳಿಗೆಲ್ಲ ಒಂದೊಂದು ಎನ್ವಿರಾನ್‌ಮೆಂಟ್ ವೇರಿಯೇಬಲ್ (ಪ್ರೋಗ್ರಾಂಗಳು ಓದುವ, ಹೆಸರಿಟ್ಟ ಸೆಟ್ಟಿಂಗ್) ಇದೆ, ಬೇಕಾದರೆ ಬದಲಿಸಿಕೊಳ್ಳಬಹುದು. ಬಿನ್‌ಗೆ ಅದೂ ಇಲ್ಲ.

ಇದು ಬರೆದವರ ಅಲಕ್ಷ್ಯ ಅಂತ ನನಗನ್ನಿಸುವುದಿಲ್ಲ. ಸೆಟ್ಟಿಂಗ್ಸ್ ಫೈಲನ್ನು ಎಲ್ಲಿಟ್ಟರೂ ನಡೆಯುತ್ತದೆ. ಪ್ರೋಗ್ರಾಂ ಹಾಗಲ್ಲ. ಎಷ್ಟೋ ಪ್ರೋಗ್ರಾಂಗಳು ತಾವು ಎಲ್ಲಿರುತ್ತೇವೆ ಅನ್ನುವುದನ್ನು ಹೊಟ್ಟೆಯೊಳಗೆ ಬರೆದುಕೊಂಡೇ ಹುಟ್ಟುತ್ತವೆ. ಪೈಥಾನ್ ಟೂಲ್‌ಗಳನ್ನು ಹಾಕಿಕೊಡುವ ಪಿಪ್‌ಎಕ್ಸ್ ಬಳಸಿ ಯಾವುದನ್ನಾದರೂ ಹಾಕಿದ್ದರೆ ಈಗಲೇ ನೋಡಬಹುದು. ಹೆಡ್ -1 ~/.ಲೋಕಲ್/ಬಿನ್/ಟೂಲಿನಹೆಸರು ಅಂತ ಹೊಡೆಯಿರಿ. ಬರುವ ಒಂದೇ ಸಾಲಿನಲ್ಲಿ #! ಆದಮೇಲೆ /ಹೋಮ್‌ನಿಂದ ಹಿಡಿದು ನಿಮ್ಮ ಯೂಸರ್ ಹೆಸರು ಸಮೇತ ಪೂರ್ತಿ ವಿಳಾಸ ಇರುತ್ತದೆ. ಕೊನೆಗೆ ಆ ಟೂಲಿನದೇ ಆದ ಪೈಥಾನ್. ಆ ಫೋಲ್ಡರನ್ನು ಒಂದು ಇಂಚು ಸರಿಸಿದರೂ ಟೂಲ್ ಏಳುವುದಿಲ್ಲ. ಮ್ಯಾಕ್‌ನವರ ಹೋಮ್‌ಬ್ರೂ ಲಿನಕ್ಸ್‌ಗೆ ಬಂದಾಗ ನಿಮ್ಮ ಹೋಮ್ ಬಿಟ್ಟು /ಹೋಮ್/ಲಿನಕ್ಸ್‌ಬ್ರೂ ಅಂತ ಬೇರೆಯೇ ಮನೆ ಮಾಡಿಕೊಂಡದ್ದೂ ಇದಕ್ಕೇ. ಮೊದಲೇ ಕಂಪೈಲ್ ಮಾಡಿಟ್ಟ ಪ್ರೋಗ್ರಾಂಗಳು ಎಲ್ಲರ ಮಷಿನ್‌ನಲ್ಲೂ ನಡೆಯಬೇಕಾದರೆ ಎಲ್ಲರ ಮಷಿನ್‌ನಲ್ಲೂ ವಿಳಾಸ ಒಂದೇ ಇರಬೇಕು.

ಜೊತೆಗೆ ಪ್ರತಿ ಪ್ರೋಗ್ರಾಮಿಂಗ್ ಭಾಷೆಯೂ ತನ್ನದೇ ಊರು ಕಟ್ಟಿಕೊಂಡಿದೆ. ರಸ್ಟ್‌ಗೆ ~/.ಕಾರ್ಗೋ/ಬಿನ್, ಗೋ ಭಾಷೆಗೆ ~/ಗೋ/ಬಿನ್. ಇದರಲ್ಲಿ ಪೈಥಾನ್‌ನವರನ್ನು ಮೆಚ್ಚಬೇಕು. 2008ರಲ್ಲಿ, 2.6ನೇ ಆವೃತ್ತಿಯಲ್ಲೇ, ಅವರು ~/.ಲೋಕಲ್ ಆರಿಸಿಕೊಂಡರು. ಎಕ್ಸ್‌ಡಿಜಿ ನಿಯಮದಲ್ಲಿ ~/.ಲೋಕಲ್/ಬಿನ್ ಅನ್ನುವ ಮಾತು ಬರೆಯುವ ಎಷ್ಟೋ ಮೊದಲು ಅದು ಬಳಕೆಗೆ ಬಂದಿತ್ತು.

ಸರಿ, ಕೈಯಲ್ಲಿ ಏನು ಮಾಡಬೇಕು? ನನ್ನ ಸೂತ್ರ ಒಂದೇ: ಬಿನ್‌ನಲ್ಲಿ ಪ್ರೋಗ್ರಾಂ ಇಡಬೇಡಿ, ಅದರ ಹೆಸರು ಮಾತ್ರ ಇಡಿ. ಪ್ರೋಗ್ರಾಂ ಎಲ್ಲಿಡಬೇಕು ಅನ್ನುವುದಕ್ಕಿಂತ, ನಾಳೆ ಅದನ್ನು ಹೇಗೆ ಕಿತ್ತು ಹಾಕುತ್ತೀರಿ ಅನ್ನುವುದು ದೊಡ್ಡ ಪ್ರಶ್ನೆ. ಪ್ಯಾಕೇಜ್ ಮ್ಯಾನೇಜರ್ ಹಾಕಿದ್ದಕ್ಕೆ ಲೆಕ್ಕ ಇರುತ್ತದೆ. ನೀವು ಹಾಕಿದ್ದಕ್ಕೆ ನೀವೇ ಲೆಕ್ಕ.

ನಿಮ್ಮ ಎಡಿಟರನ್ನೇ ತೆಗೆದುಕೊಳ್ಳಿ. ಟಾರ್‌ಬಾಲ್ (ಫೈಲ್‌ಗಳ ಕಟ್ಟು) ಬಿಚ್ಚಿದಾಗ ಒಂದು ಫೋಲ್ಡರ್ ಬಂದಿರುತ್ತದೆ, ಒಳಗೆ ಬಿನ್, ಲಿಬ್, ಐಕಾನ್‌ಗಳು. ಅದನ್ನು ಇಡಿಯಾಗಿ ~/.ಲೋಕಲ್/ಆಪ್ಟ್ ಅನ್ನುವ ಫೋಲ್ಡರ್ ಮಾಡಿ ಅಲ್ಲಿಗೆ ಸಾಗಿಸಿ. ಈ ಆಪ್ಟ್ ಯಾವ ನಿಯಮದಲ್ಲೂ ಇಲ್ಲ. /ಆಪ್ಟ್ ನೋಡಿ ಜನ ಮಾಡಿಕೊಂಡ ರೂಢಿ, ನನಗೆ ಹಿಡಿಸಿದೆ. ಫೋಲ್ಡರಿನ ಹೆಸರಿನಲ್ಲಿ ಆವೃತ್ತಿಯ ನಂಬರ್ ಇರಲಿ. ಆಮೇಲೆ ಅದರೊಳಗಿನ ಪ್ರೋಗ್ರಾಂ ಫೈಲಿಗೆ ~/.ಲೋಕಲ್/ಬಿನ್‌ನಿಂದ ಎಲ್‌ಎನ್ -ಎಸ್ ಕಮಾಂಡ್‌ನಿಂದ ಒಂದು ಸಿಮ್‌ಲಿಂಕ್, ಅಂದರೆ ಅಸಲಿ ಫೈಲಿನ ಕಡೆ ಕೈ ತೋರಿಸುವ ಹೆಸರು, ಕೊಡಿ. ಕೊಡುವಾಗ ಪೂರ್ತಿ ವಿಳಾಸ ಬರೆಯಿರಿ. ಅರ್ಧ ವಿಳಾಸ ಕೊಟ್ಟು, ಲಿಂಕ್ ಇದೆ ಆದರೆ ಫೈಲ್ ಇಲ್ಲ ಅನ್ನುವ ಸಂದೇಶ ನೋಡಿ ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಹೊಸ ಆವೃತ್ತಿ ಬಂದರೆ ಹೊಸ ಫೋಲ್ಡರ್ ಬಿಚ್ಚಿ, ಲಿಂಕ್ ತಿರುಗಿಸಿ. ಎರಡು ದಿನ ನೋಡಿ ಹಳೆಯದನ್ನು ಅಳಿಸಿ. ಬೇಡವೆನಿಸಿದರೆ ಒಂದು ಫೋಲ್ಡರು, ಒಂದು ಲಿಂಕು, ಅಷ್ಟೇ ಕೆಲಸ.

ಕೆಲವು ಪ್ರೋಗ್ರಾಂಗಳು ಲಿಂಕ್ ಮೂಲಕ ಕರೆದರೆ ದಾರಿ ತಪ್ಪುತ್ತವೆ. ತಮ್ಮ ಲಿಬ್ ಫೋಲ್ಡರ್ ~/.ಲೋಕಲ್/ಬಿನ್ ಪಕ್ಕದಲ್ಲಿದೆ ಅಂದುಕೊಂಡು ಅಲ್ಲಿ ಹುಡುಕುತ್ತವೆ. ಹಾಗಾದರೆ ಲಿಂಕ್ ಬದಲು ಎರಡು ಸಾಲಿನ ಶೆಲ್ ಸ್ಕ್ರಿಪ್ಟ್ ಇಡಿ: ಮೊದಲ ಸಾಲು #! ಹಾಕಿ ಶೆಲ್‌ನ ಪೂರ್ತಿ ವಿಳಾಸ, ಎರಡನೆಯದು ಎಕ್ಸೆಕ್ ಅಂತ ಬರೆದು ಪ್ರೋಗ್ರಾಂನ ಪೂರ್ತಿ ವಿಳಾಸ, ಕೊನೆಗೆ "$@". ಆ ಸ್ಕ್ರಿಪ್ಟಿಗೆ ಸಿಎಚ್‌ಮಾಡ್ +ಎಕ್ಸ್ (ಓಡುವ ಅನುಮತಿ) ಕೊಡಲು ಮರೆಯಬೇಡಿ.

ಪಿಪ್‌ಎಕ್ಸ್ ಮಾಡುವುದೂ ಇದನ್ನೇ. ಟೂಲ್‌ಗಳನ್ನು ~/.ಲೋಕಲ್/ಶೇರ್/ಪಿಪ್‌ಎಕ್ಸ್ ಒಳಗೆ ಒಂದೊಂದು ಪೆಟ್ಟಿಗೆಯಲ್ಲಿಟ್ಟು ಬಿನ್‌ಗೆ ಲಿಂಕ್ ಮಾತ್ರ ಹಾಕುತ್ತದೆ. ಹೊಸ ಉಬುಂಟುವಿನಲ್ಲಿ ಬರೀ ಪಿಪ್ ಇನ್‌ಸ್ಟಾಲ್ ಅಂದರೆ ಈ ಪೈಥಾನ್ ಡಿಸ್ಟ್ರೋದವರ ಕೈಯಲ್ಲಿದೆ ಅಂತ ಗದರಿಸುತ್ತದೆ. ಸಿಟ್ಟಾಗಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ. ಪಿಪ್‌ಎಕ್ಸ್ ಬಳಸಿ.

ರಸ್ಟ್ ಟೂಲ್‌ಗಳನ್ನು ಕಾರ್ಗೋ ಇನ್‌ಸ್ಟಾಲ್ --ರೂಟ್ ~/.ಲೋಕಲ್ ಅಂದರೆ ಇದೇ ಬಿನ್‌ಗೆ ಬರುತ್ತವೆ. ಗೋ ಭಾಷೆಗೆ ಗೋಬಿನ್ ವೇರಿಯೇಬಲ್, ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂಗೆ ಪ್ರಿಫಿಕ್ಸ್, ಅಂದರೆ ಎಲ್ಲಿ ಹಾಕಬೇಕು ಅನ್ನುವ ಸೆಟ್ಟಿಂಗ್. ನೀವೇ ಕಂಪೈಲ್ ಮಾಡುವುದಿದ್ದರೆ ಕಾನ್ಫಿಗರ್ ಹೊಡೆಯುವಾಗ ಪ್ರಿಫಿಕ್ಸ್ ಆಗಿ ~/.ಲೋಕಲ್ ಅನ್ನೇ ನೇರ ಕೊಟ್ಟರೆ ಫೈಲ್‌ಗಳೆಲ್ಲ ಬಿನ್, ಲಿಬ್, ಶೇರ್‌ಗಳಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆ. ಮತ್ತೆ ಹೆಕ್ಕುವುದು ಕಷ್ಟ. ಬದಲಿಗೆ ಆಪ್ಟ್ ಒಳಗೆ ಒಂದು ಫೋಲ್ಡರ್ ಕೊಡಿ. ಲಿಂಕ್‌ಗಳು ಜಾಸ್ತಿಯಾದರೆ ಗ್ನೂ ಸ್ಟೋ ಅನ್ನುವ ಹಳೆಯ ಟೂಲ್ ಇದೆ. ಒಂದು ಪ್ಯಾಕೇಜಿನ ಲಿಂಕ್‌ಗಳನ್ನೆಲ್ಲ ಒಂದೇ ಏಟಿಗೆ ಹಾಕುತ್ತದೆ, ಒಂದೇ ಏಟಿಗೆ ತೆಗೆಯುತ್ತದೆ.

ಎಲ್ಲ ಸರಿ ಮಾಡಿ ಟರ್ಮಿನಲ್‌ನಲ್ಲಿ ಹೆಸರು ಹೊಡೆದರೆ ಕಮಾಂಡ್ ನಾಟ್ ಫೌಂಡ್ ಅಂತ ಬರಬಹುದು. ಹೆದರಬೇಡಿ. ಉಬುಂಟುವಿನ ~/.ಪ್ರೊಫೈಲ್ ಫೈಲ್ ತೆರೆದು ನೋಡಿ. ~/.ಲೋಕಲ್/ಬಿನ್ ಇದ್ದರೆ ಮಾತ್ರ ಪಾಥ್‌ಗೆ ಸೇರಿಸು ಅಂತ ಅಲ್ಲಿ ಬರೆದಿರುತ್ತದೆ. ಅದನ್ನು ಓದುವುದು ಲಾಗಿನ್ ಆಗುವಾಗ. ನೀವು ಬೆಳಿಗ್ಗೆ ಲಾಗಿನ್ ಆಗಿ, ಮಧ್ಯಾಹ್ನ ಫೋಲ್ಡರ್ ಮಾಡಿದರೆ? ಬೆಳಿಗ್ಗೆ ಅದು ಇರಲೇ ಇಲ್ಲವಲ್ಲ. ಒಮ್ಮೆ ಲಾಗ್‌ಔಟ್ ಮಾಡಿ ಬನ್ನಿ, ಸಾಕು. ಹೊಸ ಟರ್ಮಿನಲ್ ತೆರೆದರೆ ಸಾಲದು.

ಇನ್ನೊಂದು ಹೊಂಡಕ್ಕೆ ನಾನೇ ಬಿದ್ದಿದ್ದೇನೆ. ರಾತ್ರಿ ಬ್ಯಾಕಪ್ ತೆಗೆಯಲು ಒಂದು ಸ್ಕ್ರಿಪ್ಟ್ ಬರೆದು ~/.ಲೋಕಲ್/ಬಿನ್‌ನಲ್ಲಿಟ್ಟು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿಯಲ್ಲಿ, ಅಂದರೆ ಕ್ರಾನ್‌ಟ್ಯಾಬ್‌ನಲ್ಲಿ, ಅದರ ಹೆಸರು ಹಾಕಿದ್ದೆ. ಕೈಯಲ್ಲಿ ಓಡಿಸಿದರೆ ಚೆನ್ನಾಗಿ ಓಡುತ್ತಿತ್ತು. ರಾತ್ರಿ ಮಾತ್ರ ಸದ್ದೇ ಇಲ್ಲ. ಹತ್ತು ಹನ್ನೆರಡು ದಿನ ಬ್ಯಾಕಪ್ ಆಗಿಲ್ಲ ಅಂತ ಗೊತ್ತಾದದ್ದು, ಒಂದು ಫೈಲ್ ಕಳೆದು ಹುಡುಕಿದಾಗ. ಕ್ರಾನ್ ನಿಮ್ಮ ~/.ಪ್ರೊಫೈಲ್ ಓದುವುದಿಲ್ಲ. ಡೆಬಿಯನ್, ಉಬುಂಟುವಿನಲ್ಲಿ ಅದಕ್ಕೆ ಗೊತ್ತಿರುವುದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೇ. ಕ್ರಾನ್‌ನಲ್ಲಿ ಯಾವಾಗಲೂ ಪೂರ್ತಿ ವಿಳಾಸ ಬರೆಯಿರಿ. ರೂಟ್ ಆಗಿ ಕಮಾಂಡ್ ಓಡಿಸುವ ಸುಡೋದ ಕಥೆಯೂ ಹೆಚ್ಚುಕಡಿಮೆ ಇದೇ. ಅದಕ್ಕೆ ತನ್ನದೇ ಸುರಕ್ಷಿತ ಪಾಥ್ ಇರುತ್ತದೆ, ನಿಮ್ಮ ಹೋಮ್ ಅದರಲ್ಲಿ ಇರುವುದಿಲ್ಲ. ಇದು ಬೇಕಂತಲೇ ಮಾಡಿದ್ದು. ಹೋಮ್‌ನಲ್ಲಿ ಯಾರೋ ಎಲ್‌ಎಸ್ ಅಂತ ಕಳ್ಳ ಪ್ರೋಗ್ರಾಂ ಇಟ್ಟರೆ ಅದು ರೂಟ್ ಆಗಿ ಓಡಬಾರದು, ಅಲ್ವಾ?

ಆ್ಯಪ್‌ಇಮೇಜ್‌ಗಳು ಸುಲಭ, ಒಂದೇ ಫೈಲ್. ಅವನ್ನೂ ಆಪ್ಟ್‌ಗೆ ಹಾಕಿ. ಮೆನುವಿನಲ್ಲಿ ಕಾಣಬೇಕಾದರೆ ~/.ಲೋಕಲ್/ಶೇರ್/ಅಪ್ಲಿಕೇಶನ್ಸ್‌ನಲ್ಲಿ .ಡೆಸ್ಕ್‌ಟಾಪ್ ಅಂತ ಕೊನೆಯಾಗುವ ಒಂದು ಸಣ್ಣ ಫೈಲ್ ಬೇಕು. ತಲೆಯಲ್ಲಿ [ಡೆಸ್ಕ್‌ಟಾಪ್ ಎಂಟ್ರಿ], ಕೆಳಗೆ ಟೈಪ್, ನೇಮ್, ಎಕ್ಸೆಕ್, ಐಕಾನ್, ನಾಲ್ಕು ಸಾಲು. ಎಕ್ಸೆಕ್ ಸಾಲಿನಲ್ಲಿ ~ ಬರೆದರೆ ಕೆಲಸ ಮಾಡುವುದಿಲ್ಲ, /ಹೋಮ್‌ನಿಂದ ಪೂರ್ತಿ ಬರೆಯಿರಿ. ನಿಮ್ಮ ಡೆಸ್ಕ್‌ಟಾಪ್ ಕನ್ನಡದಲ್ಲಿದ್ದರೆ ನೇಮ್[ಕೆಎನ್] ಅಂತ ಇನ್ನೊಂದು ಸಾಲು ಸೇರಿಸಿ ಕನ್ನಡದಲ್ಲೇ ಹೆಸರಿಡಬಹುದು. ನಮ್ಮನೆಯ ಮಷಿನ್‌ನಲ್ಲಿ ಒಂದು ಆ್ಯಪ್‌ಇಮೇಜ್‌ಗೆ 'ಚಿತ್ರ ಕತ್ತರಿ' ಅಂತ ಹೆಸರಿಟ್ಟಿದ್ದೇನೆ, ಮಕ್ಕಳು ಅದನ್ನು ಹಾಗೇ ಕರೆಯುತ್ತಾರೆ.

ಫಾಂಟ್‌ಗಳಿಗೂ ಇದೇ ಮನೆ. ಗುಬ್ಬಿ, ನವಿಲು ಅಂಥ ಕನ್ನಡ ಫಾಂಟ್ ಇಳಿಸಿಕೊಂಡರೆ ಅಡ್ಮಿನ್‌ರನ್ನು ಕಾಡಬೇಕಿಲ್ಲ. ~/.ಲೋಕಲ್/ಶೇರ್/ಫಾಂಟ್ಸ್‌ಗೆ ಹಾಕಿ, ಎಫ್‌ಸಿ-ಕ್ಯಾಶ್ ಅಂತ ಒಮ್ಮೆ ಹೊಡೆದು, ಆಫೀಸ್ ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಹಳೆಯ ಬರಹಗಳಲ್ಲಿ ~/.ಫಾಂಟ್ಸ್ ಅಂತ ಇರುತ್ತದೆ, ಅದು ಹಿಂದಿನ ಕಾಲದ್ದು.

ಸ್ನ್ಯಾಪ್ ಥರದ್ದೇ ಆದ ಫ್ಲ್ಯಾಟ್‌ಪ್ಯಾಕ್ ಇದ್ದರೆ --ಯೂಸರ್ ಅಂತ ಸೇರಿಸಿ ಹಾಕಿ. ಪ್ರೋಗ್ರಾಂ ~/.ಲೋಕಲ್/ಶೇರ್/ಫ್ಲ್ಯಾಟ್‌ಪ್ಯಾಕ್‌ಗೆ ಬರುತ್ತದೆ, ಅದರ ಡೇಟಾ ~/.ವಾರ್/ಆ್ಯಪ್‌ಗೆ. ಇದನ್ನೂ ಸ್ನ್ಯಾಪನ್ನೂ ನೀವು ಕೈಯಿಂದ ಜೋಡಿಸಲು ಹೋಗಬೇಡಿ, ಅವಕ್ಕೆ ಅವುಗಳದೇ ಲೆಕ್ಕ.

ಆಫೀಸಿನ ಮಷಿನ್ ಅಂದಿರಿ. ಇದೆಲ್ಲ ಶುರು ಮಾಡುವ ಮೊದಲು ಐಟಿಯವರನ್ನು ಒಂದು ಮಾತು ಕೇಳಿಬಿಡಿ. ರೂಟ್ ಬೇಡ ಅಂದ ಮಾತ್ರಕ್ಕೆ ಅನುಮತಿ ಬೇಡ ಅಂತಲ್ಲ. ಕೆಲವು ಕಡೆ ಹೋಮ್‌ನಿಂದ ಏನೂ ಓಡದಂತೆ ನೋಎಕ್ಸೆಕ್ ಅಂತ ಕಟ್ಟಿಹಾಕಿರುತ್ತಾರೆ. ಸಿಎಚ್‌ಮಾಡ್ +ಎಕ್ಸ್ ಕೊಟ್ಟ ಮೇಲೂ ಪರ್ಮಿಷನ್ ಡಿನೈಡ್ ಬಂದರೆ ಕಾರಣ ಅದೇ ಇರಬಹುದು.

ಉಳಿದದ್ದು ಆ 47. ಎಕ್ಸ್‌ಡಿಜಿ-ನಿಂಜಾ ಅಂತ ಒಂದು ಪುಟ್ಟ ಟೂಲ್ ಇದೆ. ನಿಮ್ಮ ಹೋಮ್ ನೋಡಿ, ಯಾವುದನ್ನು ಎಲ್ಲಿಗೆ, ಹೇಗೆ ಸಾಗಿಸಬಹುದು ಅಂತ ಒಂದೊಂದಾಗಿ ಹೇಳುತ್ತದೆ. ಮೊದಲ ಸಲ ಓಡಿಸಿದಾಗ ಇಡೀ ಭಾನುವಾರ ಅದಕ್ಕೇ ಹೋಯಿತು ನನಗೆ. ನೀವು ಹಾಗೆ ಮಾಡಬೇಡಿ. ಈಗಿನಿಂದ ಹಾಕುವುದನ್ನು ಸರಿಯಾದ ಕಡೆ ಹಾಕಿ, ಹಳೆಯದರಲ್ಲಿ ದೊಡ್ಡದಾಗಿರುವ ನಾಲ್ಕೈದನ್ನು ಮಾತ್ರ ನೋಡಿ. ಡಿಯು -ಎಸ್‌ಎಚ್ ~/.[ಎ-ಝಡ್]* ಅಂತ ಹೊಡೆದರೆ ಯಾವುದು ಎಷ್ಟು ಜಾಗ ತಿಂದಿದೆ ಅಂತ ಕಾಣುತ್ತದೆ. ಪ್ರೋಗ್ರಾಂ ತೆಗೆದು ವರ್ಷವಾದರೂ ಅದರ ಫೋಲ್ಡರ್ ಉಳಿದಿದ್ದರೆ ಮೊದಲು ಹೆಸರು ಬದಲಿಸಿ ಒಂದು ವಾರ ಬಿಡಿ, ಯಾರೂ ಕೂಗದಿದ್ದರೆ ಅಳಿಸಿ. ~/.ಎಸ್‌ಎಸ್‌ಎಚ್, ~/.ಗ್ನೂಪಿಜಿ, ~/.ಮೊಝಿಲ್ಲಾ ಈ ಮೂರಕ್ಕೆ ಮಾತ್ರ ಕೈ ಹಾಕಬೇಡಿ. ಮೊದಲೆರಡರಲ್ಲಿ ನಿಮ್ಮ ಕೀಗಳಿವೆ, ಮೂರನೆಯದರಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಇರಬಹುದು. ಅವು ಇರುವಲ್ಲೇ ಇರಲಿ.